ಪೈಥಾನ್ ಕೋಡ್: ಚಿಕ್ಕದಾಗಿರಲಿ, ಚೊಕ್ಕವಾಗಿರಲಿ

ಮಕ್ಕಳು ಶಾಲೆಗೆ ಹೋದ ಮೇಲೆ ಸಿಗುವ ಒಂದೆರಡು ಗಂಟೆಯಲ್ಲಿ ಪೈಥಾನ್ ಕಲಿಯುತ್ತಿದ್ದೀರಾ? ಒಳ್ಳೆಯದೇ ಆಯಿತು. ಇಂದಿರಾನಗರ, ಕೆ.ಆರ್. ಪುರಂ ಕಡೆ ಎತ್ತ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳು. 'ನಾನೂ ಯಾಕೆ ಒಂದು ಕೈ ನೋಡಬಾರದು?' ಅನ್ನಿಸುವುದು ಸಹಜ. ಗೈಡೋ ವಾನ್ ರೋಸಮ್ 1991ರಲ್ಲಿ ಹೊರತಂದ ಈ ಭಾಷೆ ಹೊಸಬರಿಗೆ ಸುಲಭ. ದೇಶದ ಮೊದಲ ಪೈಥಾನ್ ಸಮ್ಮೇಳನ 'ಪೈಕಾನ್ ಇಂಡಿಯಾ' 2009ರಲ್ಲಿ ನಡೆದದ್ದೂ ನಮ್ಮ ಬೆಂಗಳೂರಿನಲ್ಲೇ!

ಆದರೆ ಹತ್ತು ಸಾಲಿನ ಕೆಲಸಕ್ಕೆ ಐವತ್ತು ಸಾಲು ಬರೆಯುವುದು ಹೊಸಬರ ಅಭ್ಯಾಸ. ಬರೆದರೆ ಏನಾಯ್ತು ಅಂತೀರಾ? ಹಲಸೂರಿನ ಗೃಹಿಣಿಯೊಬ್ಬರು ಶಿವಾಜಿನಗರದ ಐದು ಅಂಗಡಿಗಳಿಗೆ ಸೀರೆ ಫಾಲ್ ಹಾಕಿಕೊಡುತ್ತಾರೆ ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆಂದು ಅಂಗಡಿಗೊಂದರಂತೆ ಐದು ಸಲ ಅದೇ ಕೋಡ್, ಐದು ಕಡೆ 80 ರೂಪಾಯಿ ದರ. ದರ 100 ಆದಾಗ ನಾಲ್ಕು ಕಡೆ ತಿದ್ದಿ ಒಂದು ಕಡೆ ಮರೆತರೆ, ಆ ಅಂಗಡಿಯ 30 ಸೀರೆಗೆ 600 ರೂಪಾಯಿ ಖೋತಾ! ಕಂಪ್ಯೂಟರ್ ಯಾವ ಎರರನ್ನೂ ತೋರಿಸುವುದಿಲ್ಲ. ದುಡಿದ ದುಡ್ಡು ಸದ್ದಿಲ್ಲದೆ ಹೋಗುತ್ತದೆ.

ಹಾಗಾಗದಿರಲು ಇಲ್ಲಿವೆ ಕೆಲವು ಕಿವಿಮಾತು:

* ದರವನ್ನು ಮೇಲುಗಡೆ ಒಂದೇ ಕಡೆ, ಒಂದು ಹೆಸರು ಕೊಟ್ಟು ಬರೆಯಿರಿ. ಮುಂದೆಲ್ಲ ಆ ಹೆಸರನ್ನೇ ಬಳಸಿ. ತಿದ್ದುವುದೂ ಒಂದೇ ಕಡೆ.

* ಐದು ಅಂಗಡಿಗಳನ್ನು ಒಂದು ಲಿಸ್ಟ್‌ಗೆ ಹಾಕಿ, 'ಫಾರ್' ಲೂಪ್ ಓಡಿಸಿ. ನಾಳೆ ಆರನೇ ಅಂಗಡಿ ಬಂದರೆ ಲಿಸ್ಟ್‌ಗೆ ಹೆಸರು ಸೇರಿಸಿದರೆ ಸಾಕು.

* ಫಾಲ್‌ಗೆ ಒಂದು ದರ, ಜಿಗ್‌ಜಾಗ್‌ಗೆ ಒಂದು, ಕುಚ್ಚಿಗೆ ಇನ್ನೊಂದು ಅಂತ 'ಇಫ್', 'ಎಲಿಫ್' ಸಾಲು ಹಚ್ಚಬೇಡಿ. ಕೆಲಸದ ಹೆಸರು, ಅದರ ಮುಂದೆ ದರ ಇಟ್ಟು ಡಿಕ್ಷನರಿ ಮಾಡಿಕೊಳ್ಳಿ.

* ಮತ್ತೆ ಮತ್ತೆ ಬರುವ ಲೆಕ್ಕವನ್ನು 'ಡೆಫ್' ಬಳಸಿ ಫಂಕ್ಷನ್ ಮಾಡಿ. ಬೇಕಾದಾಗ ಹೆಸರು ಹಿಡಿದು ಕರೆದರಾಯಿತು.

* ಮೊತ್ತಕ್ಕೆ 'ಸಮ್', ಎಣಿಕೆಗೆ 'ಲೆನ್', ಜೋಡಿಸಲು 'ಸಾರ್ಟೆಡ್' ಪೈಥಾನ್‌ನಲ್ಲೇ ಇವೆ. ಮನೆಯಲ್ಲಿ ಮಿಕ್ಸಿ ಇದ್ದೂ ಒರಳಿನಲ್ಲಿ ರುಬ್ಬುವುದೇಕೆ?

* ಎ, ಬಿ, ಎಕ್ಸ್ ಅಂತ ಹೆಸರಿಟ್ಟರೆ ಕೋಡ್ ಚಿಕ್ಕದಾಗುತ್ತದೆ, ಅರ್ಥ ಮಾತ್ರ ಆಗುವುದಿಲ್ಲ. ಡಬ್ಬಕ್ಕೆ ಚೀಟಿ ಅಂಟಿಸಿದಂತೆ, ಒಳಗೇನಿದೆ ಎಂದು ಹೆಸರೇ ಹೇಳಬೇಕು.

ಅತಿ ಬೇಡ

ಚಿಕ್ಕದು ಮಾಡುವ ಹುರುಪಿನಲ್ಲಿ ಎಲ್ಲವನ್ನೂ ಒಂದೇ ಸಾಲಿಗೆ ತುರುಕಬೇಡಿ. ಲಿಸ್ಟ್ ಕಾಂಪ್ರಹೆನ್ಷನ್ ಚೆಂದವೇ, ಆದರೆ ಒಂದೇ ಓದಿಗೆ ತಿಳಿಯದಿದ್ದರೆ ಮಾಮೂಲಿ ಲೂಪೇ ಲೇಸು. 2001ರಲ್ಲಿ ರೂಪುಗೊಂಡ 'ಪೆಪ್ 8' ಎಂಬ ಪೈಥಾನ್ ಬರವಣಿಗೆಯ ನಿಯಮಾವಳಿಯೂ ಸಾಲಿಗೆ 79 ಅಕ್ಷರ ಮೀರಬೇಡಿ, ಒಳಸಾಲಿಗೆ ನಾಲ್ಕು ಸ್ಪೇಸ್ ಬಿಡಿ ಎನ್ನುತ್ತದೆ.

ಇನ್ನೊಂದು ಮಾತು. ಮೊದಲು ಕೋಡ್ ಸರಿಯಾಗಿ ಓಡಲಿ, ಕತ್ತರಿ ಆಮೇಲೆ. ಹಳೆಯದರ ಒಂದು ಪ್ರತಿ ಉಳಿಸಿಕೊಳ್ಳಿ. ಒಂದೊಂದೇ ಬದಲಾವಣೆ ಮಾಡಿ, ಅದೇ ಅಂಕಿಗಳನ್ನು ಕೊಟ್ಟು ಮೊತ್ತ ತಾಳೆಯಾಗುತ್ತದಾ ನೋಡಿ.

ತಿಂಗಳು ಬಿಟ್ಟು ತೆರೆದಾಗಲೂ 'ಇದೇನು ಬರೆದಿದ್ದೆ?' ಎಂದು ತಲೆ ಕೆರೆದುಕೊಳ್ಳದಿದ್ದರೆ ನಿಮ್ಮ ಕೋಡ್ ಚೊಕ್ಕವಾಗಿದೆ ಎಂದೇ ಅರ್ಥ. ಇವತ್ತೇ ಹಳೆಯ ಪ್ರೋಗ್ರಾಂ ಒಂದನ್ನು ತೆರೆದು ನೋಡ್ತೀರಲ್ಲ?