ಕೆಂಪು ಮಂಕಾದರೆ ಕ್ಯಾಂಪಿಗೆ ಕಾಯಬೇಡಿ

ಮಡಕಶಿರಾ: ರತ್ನಗಿರಿ ಬೆಟ್ಟದ ಸುತ್ತಲಿನ ಊರುಗಳಲ್ಲಿ ಕಣ್ಣು ಮಂಜಾಯಿತು ಎಂದರೆ ಸಾಕು, ‘ಪೊರೆ ಬಂದಿರಬೇಕು, ಕ್ಯಾಂಪ್ ಬರಲಿ ನೋಡೋಣ’ ಅನ್ನೋ ಮಾತು ಮೊದಲು ಬರುತ್ತದೆ. ಅರವತ್ತು ದಾಟಿದ ಅಜ್ಜಿಗೆ ಆ ಮಾತು ಸರಿ. ಪೊರೆಯಾದರೆ ಎರಡು ತಿಂಗಳು ತಡವಾದರೂ ಆಪರೇಷನ್ ನಂತರ ದೃಷ್ಟಿ ಮರಳುತ್ತದೆ. ಆದರೆ ಇಪ್ಪತ್ತೈದು, ಮೂವತ್ತರ ಹೆಣ್ಣುಮಗಳ ಒಂದು ಕಣ್ಣು ನಾಲ್ಕೈದು ದಿನದಲ್ಲೇ ಮಂಕಾಗಿ, ಕಣ್ಣು ಹೊರಳಿಸಿದರೆ ಗುಡ್ಡೆಯ ಹಿಂದೆ ನೋವು ಬಂದರೆ ಅದು ಪೊರೆಯಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಉರಿಯೂತ ಇರಬಹುದು. ಡಾಕ್ಟರುಗಳು ಇದಕ್ಕೆ ಆಪ್ಟಿಕ್ ನ್ಯೂರೈಟಿಸ್ ಅನ್ನುತ್ತಾರೆ.

ಇದು ಮೋಸ ಮಾಡುವ ಕಾಯಿಲೆ. ಕಣ್ಣು ಕೆಂಪಾಗುವುದಿಲ್ಲ, ಪಿಸುರು ಬರುವುದಿಲ್ಲ. ಊತ ಗುಡ್ಡೆಯ ಹಿಂದೆ ಇದ್ದರೆ ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿದರೂ ಮೊದಲ ದಿನಗಳಲ್ಲಿ ಏನೂ ಕಾಣದೇ ಹೋಗಬಹುದು. ಮನೆಯಲ್ಲೇ ತಿಳಿಯುವ ಒಂದು ಗುರುತಿದೆ. ಒಂದೊಂದೇ ಕಣ್ಣು ಮುಚ್ಚಿ ಕುಂಕುಮದ ಭರಣಿ ನೋಡಬೇಕು. ಒಂದು ಕಣ್ಣಿಗೆ ಕಡುಗೆಂಪು, ಇನ್ನೊಂದಕ್ಕೆ ಒಗೆದು ಒಗೆದು ಮಾಸಿದ ಸೀರೆಯ ಬಣ್ಣ ಕಂಡರೆ ಅವತ್ತೇ ಹೊರಡಬೇಕು.

ಎಳೆ ಹರಿದರೆ ಗಂಟಿಲ್ಲ

ಒಂದು ಕಣ್ಣಿನ ನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿವೆ. ಕರೆಂಟ್ ವೈರಿಗೆ ಪ್ಲಾಸ್ಟಿಕ್ ಇದ್ದಂತೆ ಎಳೆಗಳ ಮೇಲೆ ಮಯಲಿನ್ ಎಂಬ ಹೊದಿಕೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಈ ನರದ ಮೇಲೆ ಬೀಳುತ್ತದೆ. ಹೊದಿಕೆ ಒಂದಷ್ಟು ಮತ್ತೆ ಬೆಳೆಯುತ್ತದೆ. ಒಳಗಿನ ಎಳೆ ಸತ್ತರೆ ಮುಗಿಯಿತು. ರೇಷ್ಮೆ ಬಿಚ್ಚುವವರು ಹರಿದ ನೂಲಿಗೆ ಗಂಟು ಹಾಕುತ್ತಾರೆ, ಇಲ್ಲಿ ಹಾಕಲು ಗಂಟಿಲ್ಲ!

ಔಷಧದ ವಿಚಾರದಲ್ಲಿ ಗಡಿ ಭಾಗದವರು ತಿಳಿದಿರಬೇಕಾದ್ದು ಒಂದಿದೆ. ಅಮೆರಿಕದ 15 ಕೇಂದ್ರಗಳಲ್ಲಿ 450ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 1992ರಲ್ಲಿ ಹೊರಬಂತು. ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟವರಿಗೆ ದೃಷ್ಟಿ ಬೇಗ ಮರಳಿತು. ಮಾಮೂಲಿ ಡೋಸಿನ ಮಾತ್ರೆ ಮಾತ್ರ ನುಂಗಿದವರಲ್ಲಿ ಕಾಯಿಲೆ ಮರುಕಳಿಸಿದ್ದೇ ಜಾಸ್ತಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆ ತಂದು ನುಂಗುವ ನಮ್ಮ ಕಡೆಯ ರೂಢಿ ಇಲ್ಲಿ ಕಣ್ಣಿಗೇ ಕುತ್ತು.

ಹಾಗಂತ ಸ್ಟೀರಾಯ್ಡ್ ಸಂಜೀವಿನಿಯಲ್ಲ. ಅದೇ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ನೋಡಿದರೆ, ಔಷಧ ಪಡೆದವರ ಮತ್ತು ಪಡೆಯದವರ ದೃಷ್ಟಿಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಎಳೆಗಳನ್ನೇ ಉಳಿಸುವ ಮದ್ದಿಗೆ ಹುಡುಕಾಟ ನಡೆದೇ ಇದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಎಳೆಗಳ ನಷ್ಟವನ್ನು ಸುಮಾರು ಶೇ 30ರಷ್ಟು ತಗ್ಗಿಸಿತು ಎಂದು ಬ್ರಿಟನ್ನಿನ ಪರೀಕ್ಷೆ 2016ರಲ್ಲಿ ತಿಳಿಸಿತು. ದೃಷ್ಟಿಯಲ್ಲಿ ಮಾತ್ರ ಲಾಭ ಕಾಣಲಿಲ್ಲ. ಎರಿತ್ರೊಪೊಯೆಟಿನ್ ಮೇಲಿನ ಆಸೆ 2021ರ ಜರ್ಮನಿಯ ಪರೀಕ್ಷೆಯಲ್ಲಿ ಹುಸಿಯಾಯಿತು.

ಸದ್ಯಕ್ಕೆ ಎಳೆ ಉಳಿಯುವುದು ಎರಡನೇ ದಾಳಿ ತಡೆದರೆ. ಅದಕ್ಕೆ ಕಾರಣ ಗೊತ್ತಾಗಬೇಕು. ಎನ್‌ಎಂಒ ಎಂಬ ಕಾಯಿಲೆಯನ್ನು ಪತ್ತೆ ಮಾಡುವ ರಕ್ತಪರೀಕ್ಷೆಗೆ ದಾರಿ ತೆರೆದದ್ದು 2004ರಲ್ಲಿ. ಇದು ಎರಡೂ ಕಣ್ಣು, ಬೆನ್ನುಹುರಿ ಎಲ್ಲವನ್ನೂ ಹಾಳುಗೆಡವಬಲ್ಲದು. ದಾಳಿ ಜೋರಿದ್ದರೆ ರಕ್ತದ ಪ್ಲಾಸ್ಮಾ ಬದಲಿಸಬೇಕಾಗುತ್ತದೆ, ಅದೂ ಬೇಗ. ಆಮೇಲೆ ರೋಗ ಮರುಕಳಿಸದಂತೆ ವರ್ಷಗಟ್ಟಲೆ ಔಷಧ. ಮಂಗಳೂರಿನಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ತಂಡ ಇಂಥ ರೋಗಿಗಳ ದಾಖಲೆ ಇಟ್ಟು ಈ ಪ್ರತಿಕಾಯಗಳ ಮೇಲೆ ಕೆಲಸ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪರೀಕ್ಷೆ ಇದೆ.

ಕಾರ್ಡು ಒಂದು ಕಡೆ, ಕಾಲು ಒಂದು ಕಡೆ

2022ರ ಏಪ್ರಿಲ್‌ನಿಂದ ಮಡಕಶಿರಾ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲಾ ಕೇಂದ್ರ ಪುಟ್ಟಪರ್ತಿ. ರೊಳ್ಳ, ಅಗಳಿ, ಅಮರಾಪುರದವರ ಕಾಲು ಎಳೆಯುವುದು ಮಾತ್ರ ಶಿರಾ, ತುಮಕೂರು, ಬೆಂಗಳೂರಿನ ಕಡೆಗೆ. ಆಂಧ್ರದ ಆರೋಗ್ಯ ಕಾರ್ಡು ಆ ಆಸ್ಪತ್ರೆಯಲ್ಲಿ, ಈ ಕಾಯಿಲೆಗೆ ನಡೆಯುತ್ತದಾ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಸರ್ಕಾರಿ ಕಣ್ಣಾಸ್ಪತ್ರೆ ಮಿಂಟೋ 1896ರಿಂದಲೂ ಇದೆ. ಕಾರ್ಡಿನ ಚಿಂತೆಯಲ್ಲಿ ವಾರ ಕಳೆಯುವುದು ಬೇಡ.

ಹೋಗುವಾಗ ದೃಷ್ಟಿ ಮಂಕಾದ ತಾರೀಖು ಬರೆದಿಟ್ಟುಕೊಳ್ಳಿ. ನುಂಗಿದ ಮಾತ್ರೆಯ ಖಾಲಿ ಪಟ್ಟಿಯನ್ನೂ ಒಯ್ಯಿರಿ. ಕ್ಷಯಕ್ಕೆ ಔಷಧ ನಡೆಯುತ್ತಿದ್ದರೆ ಮುಚ್ಚಿಡಬೇಡಿ. ಅದರಲ್ಲಿನ ಎಥಾಂಬ್ಯುಟಾಲ್ ಕೂಡ ಇದೇ ನರಕ್ಕೆ ಪೆಟ್ಟು ಕೊಡಬಲ್ಲದು, ಆದರೆ ಡಾಕ್ಟರನ್ನು ಕೇಳದೆ ನೀವಾಗಿ ನಿಲ್ಲಿಸುವ ಹಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಡ್ರಿಪ್ ಹಾಕುವ ಮೊದಲೇ ಹೇಳಬೇಕು. ಎಂಆರ್‌ಐ ಫಿಲಂ ಮಡಚದೆ ಕವರಿನಲ್ಲೇ ಇಡಿ, ಮುಂದಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.