ಗುಮಟಾಪುರದ ಗೊರೆಹಬ್ಬ ಮತ್ತು ಜಗತ್ತಿನ ಕ್ಯಾಮೆರಾ

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ ಗುಮಟಾಪುರವೆಂಬ ಕನ್ನಡ ಹಳ್ಳಿಯಿದೆ. ದೀಪಾವಳಿಯ ಬಲಿಪಾಡ್ಯಮಿ ಕಳೆದ ಮರುದಿನ ಇಲ್ಲಿ ಗೊರೆಹಬ್ಬ. ಊರಿನ ಸಗಣಿಯನ್ನೆಲ್ಲ ಒಂದೆಡೆ ರಾಶಿ ಹಾಕಿ, ಅದರಲ್ಲಿ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದಾಡುವ ಹಬ್ಬ ಅದು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳಿಗಷ್ಟೇ ಗೊತ್ತಿದ್ದ ಈ ಆಚರಣೆಯ ಚಿತ್ರಗಳು ಈಗ ಪ್ರತಿ ವರ್ಷ ಯುರೋಪ್, ಅಮೆರಿಕದ ಸುದ್ದಿತಾಣಗಳಲ್ಲಿ ಕಾಣಿಸಿಕೊಳ್ಳುತ್ತವೆ. ಡಿಜಿಟಲ್ ಮಾಧ್ಯಮವೂ ಜಾಗತೀಕರಣವೂ ಸೇರಿ ಒಂದು ಊರಿನ ಸಂಸ್ಕೃತಿಯನ್ನು ಏನು ಮಾಡಬಲ್ಲವು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ನೋಡಬಹುದು.

ತಾಳವಾಡಿ ಎರಡು ರಾಜ್ಯಗಳ ಅಂಚಿನ ಮಲೆನೆಲ. ತನ್ನದೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರ ಅದಕ್ಕಿಂತ ಬಹಳ ಹತ್ತಿರ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ, ಆವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಆಡಳಿತ ತಮಿಳಿನದಾದರೂ ಮನೆಮಾತು, ಹಬ್ಬ, ಹರಕೆ, ಸಂಬಂಧಗಳೆಲ್ಲ ಕನ್ನಡದವೇ.

ಗೊರೆಹಬ್ಬದ ದಿನ ದನಕರು ಇರುವ ಮನೆಗಳಿಂದ ಸಗಣಿ ಸಂಗ್ರಹವಾಗುತ್ತದೆ. ಟ್ರ್ಯಾಕ್ಟರುಗಳಲ್ಲಿ ಅದನ್ನು ಬೀರೇಶ್ವರ ದೇವಸ್ಥಾನದ ಬಳಿಗೆ ತಂದು ಸುರಿಯುತ್ತಾರೆ. ಹುಲ್ಲಿನ ಗಡ್ಡಮೀಸೆ ಕಟ್ಟಿದ ಚಾಡಿಕೋರನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಪೂಜೆಯಾದ ಮೇಲೆ ಗಂಡಸರೂ ಹುಡುಗರೂ ಸಗಣಿಯ ರಾಶಿಗೆ ಇಳಿಯುತ್ತಾರೆ. ಕೊನೆಗೆ ಚಾಡಿಕೋರನ ಪ್ರತಿಕೃತಿಯನ್ನು ಸುಡುವುದರೊಂದಿಗೆ ಹಬ್ಬ ಮುಗಿಯುತ್ತದೆ. ಇದರ ಹಿಂದೆ ಊರವರು ಹೇಳುವ ಐತಿಹ್ಯವೂ ಇದೆ. ಗೌಡರೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದ ದೇವರಗುಡ್ಡ ತೀರಿಕೊಂಡಾಗ ಅವನ ಜೋಳಿಗೆ, ಬೆತ್ತಗಳನ್ನು ತಿಪ್ಪೆಗೆ ಎಸೆದರಂತೆ. ಮುಂದೊಂದು ದಿನ ಆ ತಿಪ್ಪೆಯ ಮೇಲೆ ಗಾಡಿ ಹರಿದಾಗ ರಕ್ತ ಒಸರಿತು, ಒಳಗೆ ಲಿಂಗ ಕಂಡಿತು. ಆದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಸಗಣಿಯ ಹಬ್ಬ ಮಾಡಿರೆಂದು ದೇವರು ಕನಸಿನಲ್ಲಿ ಬಂದು ಹೇಳಿದನಂತೆ. ಬಡ ಗುಡ್ಡನ ಜೋಳಿಗೆಯನ್ನು ಕಡೆಗಣಿಸಿದ್ದಕ್ಕೆ ಇಡೀ ಊರು ತಲೆಮಾರುಗಳಿಂದ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದೆ ಎಂಬುದು ಈ ಕಥೆಯ ತಿರುಳು. ಚಾಡಿ ಹೇಳಿ ಊರೊಡೆಯುವವನಿಗೆ ಛೀಮಾರಿ ಹಾಕುವುದು ಅದರ ಜೊತೆಗೇ ನಡೆಯುತ್ತದೆ. ಸಗಣಿ ಎರಚಾಟ ಇವೆರಡರ ನಡುವಿನ ಒಂದು ಘಟ್ಟ ಮಾತ್ರ.

ಹೊರಜಗತ್ತಿಗೆ ತಲುಪುವುದು ಆ ಒಂದು ಘಟ್ಟವೇ. ಎಎಫ್‌ಪಿಯಂಥ ಸುದ್ದಿಸಂಸ್ಥೆಯ ಛಾಯಾಗ್ರಾಹಕರು ತೆಗೆದ ಚಿತ್ರ ಹಲವು ದೇಶಗಳ ಪತ್ರಿಕೆ, ಸುದ್ದಿತಾಣಗಳಿಗೆ ಒಂದೇ ಹೊತ್ತಿಗೆ ಹೋಗುತ್ತದೆ. ಎಲ್ಲರಿಗೂ ಸಿಗುವುದು ಅದೇ ಚಿತ್ರ, ಅದೇ ಎರಡು ಸಾಲಿನ ವಿವರಣೆ. 2021ರಲ್ಲಿ ಹೀಗೆ ಹರಡಿದ ವರದಿಯಲ್ಲಿ ಗೊರೆಹಬ್ಬವನ್ನು ಸ್ಪೇನಿನ ಲಾ ತೊಮತಿನಾಕ್ಕೆ ಹೋಲಿಸಲಾಗಿತ್ತು. ದೂರದ ಓದುಗನಿಗೆ ಬೇಗ ಅರ್ಥವಾಗಲೆಂದು ಮಾಡುವ ಹೋಲಿಕೆ ಇದು. ಆದರೆ ವೆಲೆನ್ಸಿಯಾ ಪ್ರಾಂತ್ಯದ ಬುನ್ಯೋಲ್ ಪಟ್ಟಣದಲ್ಲಿ 1945ರಲ್ಲಿ ಶುರುವಾದ ಟೊಮೇಟೊ ಎರಚಾಟಕ್ಕೂ ಬೀರೇಶ್ವರನ ಹರಕೆಗೂ ಒಳಗಿನ ನಂಟೇನೂ ಇಲ್ಲ. ಬುನ್ಯೋಲಿನ ಆಟ ಈಗ ಟಿಕೆಟ್ ಪಡೆದು ಸೇರುವ ಪ್ರವಾಸೋದ್ಯಮದ ಹಬ್ಬ. 2011ರಲ್ಲಿ ‘ಜಿಂದಗಿ ನ ಮಿಲೇಗಿ ದೋಬಾರಾ’ ಚಿತ್ರದಲ್ಲಿ ಅದನ್ನು ಕಂಡು ಮರುಳಾದ ಕೆಲವರು ಬೆಂಗಳೂರು, ಮೈಸೂರುಗಳಲ್ಲೂ ಅದನ್ನು ನಡೆಸಲು ಹೊರಟರು. ಆಹಾರ ಪೋಲಾಗುತ್ತದೆಂಬ ವಿರೋಧ ಎದ್ದು, ಮುಖ್ಯಮಂತ್ರಿ ಡಿ. ವಿ. ಸದಾನಂದ ಗೌಡರು ಅದಕ್ಕೆ ಅವಕಾಶ ಕೊಡಲಿಲ್ಲ. ಬುನ್ಯೋಲಿನ ಹಬ್ಬ ಬೆಂಗಳೂರಿನ ಹುಡುಗರಿಗೆ ಚಿರಪರಿಚಿತ. ಗಡಿಯಾಚೆಗೇ ಇರುವ ಗುಮಟಾಪುರ ಅವರಲ್ಲಿ ಹೆಚ್ಚಿನವರಿಗೆ ವಿದೇಶಿ ಕ್ಯಾಮೆರಾದ ಮೂಲಕವೇ ಪರಿಚಯವಾಯಿತು.

2025ರ ದೀಪಾವಳಿಯಲ್ಲಿ ಇದು ಇನ್ನೊಂದು ಮಜಲು ಮುಟ್ಟಿತು. ಅಮೆರಿಕದ ಯೂಟ್ಯೂಬರ್ ಟೈಲರ್ ಒಲಿವೆರಾ ಹಬ್ಬಕ್ಕೆ ಬಂದು ಚಿತ್ರೀಕರಿಸಿದ ವಿಡಿಯೊ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ವಿವಾದವಾಯಿತು. ಭಾರತೀಯರನ್ನು ಕೊಳಕರೆಂದು ಬಿಂಬಿಸುವ ಹಳೆಯ ಚಾಳಿಯೇ ಅದರಲ್ಲಿದೆ ಎಂಬ ಟೀಕೆ ಬಂತು. ಈ ಮಾಧ್ಯಮದ ವ್ಯವಹಾರವೇ ಇಂಥದ್ದಕ್ಕೆ ಎಡೆ ಮಾಡಿಕೊಡುತ್ತದೆ. ನೋಡುಗರು ಬೆರಳಾಡಿಸುವುದನ್ನು ನಿಲ್ಲಿಸಿ ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಹಂಚಿದರು, ಎಷ್ಟು ಜನ ಕೆರಳಿ ಪ್ರತಿಕ್ರಿಯಿಸಿದರು ಎಂಬ ಲೆಕ್ಕದ ಮೇಲೆ ವಿಡಿಯೊ ಇನ್ನಷ್ಟು ಜನರಿಗೆ ತಲುಪುತ್ತದೆ, ಜಾಹೀರಾತಿನ ಹಣ ಬರುತ್ತದೆ. ಅಸಹ್ಯ, ಅಚ್ಚರಿಗಳಿಗೆ ಅಲ್ಲಿ ಬೆಲೆ ಹೆಚ್ಚು. ದೇವರಗುಡ್ಡನ ಕಥೆ ಹೇಳಲು ಬೇಕಾದ ಐದು ನಿಮಿಷದ ತಾಳ್ಮೆಗೆ ಬೆಲೆಯಿಲ್ಲ.

ಇದೇ ತಾಳವಾಡಿ ಸೀಮೆ ಹಿಂದೊಮ್ಮೆ ಜನಪ್ರಿಯ ಸಂಸ್ಕೃತಿಗೆ ಬಹು ದೊಡ್ಡ ಕೊಡುಗೆ ಕೊಟ್ಟಿತ್ತು. ದೊಡ್ಡ ಗಾಜನೂರು ಡಾ. ರಾಜ್‌ಕುಮಾರ್ ಅವರ ಊರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಮಗ ಅದೇ ರಂಗದಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗದ ನಾಯಕನಾದ. ಆ ಪಯಣಕ್ಕೆ ದಶಕಗಳು ಹಿಡಿದವು, ಆದರೆ ಗಾಜನೂರಿನ ಮಾತು, ಹಾಡು, ನಡವಳಿಕೆ ತಮ್ಮದೇ ದನಿಯಲ್ಲಿ ಕರ್ನಾಟಕವನ್ನು ತಲುಪಿದವು. 2000ರ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅದೇ ಗಾಜನೂರಿನಿಂದ ಅಪಹರಿಸಿದಾಗ ಉಪಗ್ರಹ ಟಿವಿಗಳ ಕಾಲ ಬಂದಿತ್ತು. ಆದರೂ ಕಾಡಿನ ಸಂದೇಶ ನಾಡಿಗೆ ಬರುತ್ತಿದ್ದದ್ದು ಸಂಧಾನಕಾರರು ತಂದ ಕ್ಯಾಸೆಟ್ಟುಗಳಲ್ಲಿ. 108 ದಿನ ಎರಡು ರಾಜ್ಯಗಳು ಆ ಕ್ಯಾಸೆಟ್ಟುಗಳಿಗೆ ಕಾದಿದ್ದವು. 2016ರ ಬಳಿಕ ಮೊಬೈಲ್ ಡೇಟಾ ಅಗ್ಗವಾದಾಗ ಆ ಕಾಯುವಿಕೆಯೇ ಇಲ್ಲವಾಯಿತು.

ಅಗ್ಗದ ಡೇಟಾ ಈ ಸೀಮೆಗೆ ಒಳಿತನ್ನೂ ತಂದಿದೆ, ಅದನ್ನು ಮರೆಯಬಾರದು. ರಾಜ್ಯದ ಗಡಿ ಫೋನಿಗೆ ಅಡ್ಡಬರುವುದಿಲ್ಲ. ತಮಿಳುನಾಡಿನ ಶಾಲೆಗೆ ಹೋಗುವ ಮಗುವಿಗೂ ಮಾದಪ್ಪನ ಕಂಸಾಳೆ ಪದ, ಮಂಟೇಸ್ವಾಮಿ ಕಾವ್ಯದ ಗಾಯನ, ಹೊಸ ಕನ್ನಡ ಸಿನಿಮಾ ಯೂಟ್ಯೂಬಿನಲ್ಲಿ ಸಿಗುತ್ತವೆ. ಸೋಲಿಗರ ಹಾಡು, ಕುಣಿತಗಳೂ ಕಾಡಿನಾಚೆಯ ಕೇಳುಗರನ್ನು ಮುಟ್ಟಿವೆ. ಕೇಡಿರುವುದು ಫೋನಿನಲ್ಲಿ ಅಲ್ಲ, ಹೇಳುವವರು ಹೊರಗಿನವರು ಮಾತ್ರ ಆಗುವುದರಲ್ಲಿ.

ಗುಮಟಾಪುರದ ಹಿರಿಯರು ತಮ್ಮ ಬಾಯಲ್ಲೇ ಹಬ್ಬದ ಕಥೆ ಹೇಳುವ, ಸಗಣಿ ತರುವುದರಿಂದ ಹಿಡಿದು ಚಾಡಿಕೋರನ ದಹನದವರೆಗೆ ಎಲ್ಲವನ್ನೂ ತೋರುವ ಪೂರ್ಣ ಚಿತ್ರೀಕರಣ ಕನ್ನಡದಲ್ಲಿ ಆಗಬೇಕು. ತಮಿಳು, ಇಂಗ್ಲಿಷ್ ಅಡಿಬರಹಗಳೊಂದಿಗೆ ಅದು ಎಲ್ಲರಿಗೂ ಸಿಗಬೇಕು. ತಾಳವಾಡಿಯ ಯುವಕರ ಕೈಯಲ್ಲಿ ಅದಕ್ಕೆ ಬೇಕಾದ ಫೋನುಗಳಿವೆ. ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ಕನ್ನಡದ ಪತ್ರಿಕೆಗಳು, ಗಡಿನಾಡಿನ ಸಂಘಟನೆಗಳು ಮುಂದಿನ ದೀಪಾವಳಿಯೊಳಗೆ ಅವರ ಜೊತೆ ಕೂತು ಈ ಕೆಲಸ ಶುರುಮಾಡಲಿ.