ನೈಜರ್: ಹೊರಗಿನವರು ಸತ್ತಾಗ ಕಾಣುವ ದೇಶ

2017ರ ಅಕ್ಟೋಬರ್‌ನಲ್ಲಿ ನೈಜರ್‌ನ ಟೊಂಗೊ ಟೊಂಗೊ ಹಳ್ಳಿಯ ಬಳಿ ಉಗ್ರರು ಹೊಂಚುಹಾಕಿ ನಾಲ್ವರು ಅಮೆರಿಕನ್ ಸೈನಿಕರನ್ನು ಕೊಂದರು. ಸಹಾರಾದ ಈ ಬಡ ದೇಶ ವಾರಗಟ್ಟಲೆ ಅಮೆರಿಕದ ಟಿವಿಯಲ್ಲಿ ಮೆರೆಯಿತು. ಅವರ ಜೊತೆಯಲ್ಲೇ ಸತ್ತ ನೈಜರ್ ಸೈನಿಕರ ಹೆಸರು ಎಷ್ಟು ಜನರಿಗೆ ಗೊತ್ತು? 2019ರ ಡಿಸೆಂಬರ್‌ನಲ್ಲಿ ಇನಾಟೆಸ್ ಶಿಬಿರದಲ್ಲಿ 71 ಸೈನಿಕರು, ಮರುತಿಂಗಳು ಚಿನೆಗೊಡಾರ್‌ನಲ್ಲಿ 89 ಸೈನಿಕರು ಹತರಾದರು. 2021ರ ಜನವರಿ 2ರಂದು ಎರಡು ಹಳ್ಳಿಗಳಲ್ಲಿ ಸುಮಾರು ನೂರು ನಾಗರಿಕರ ಕೊಲೆಯಾಯಿತು. ಇವು ಹೊರಗಿನ ಮಾಧ್ಯಮಕ್ಕೆ ಬಹುತೇಕ ಒಂದೆರಡು ದಿನದ ಸುದ್ದಿ.

ಹೀಗೆ ನೋಡಿದ್ದರಿಂದಲೇ ಸ್ಥಿರತೆಯ ಲೆಕ್ಕವೂ ತಪ್ಪಿತು. ಫ್ರೆಂಚ್ ಪಡೆಗಳಿಗೆ ನೆಲೆ, ಅಗಾಡೆಜ್‌ನಲ್ಲಿ ಅಮೆರಿಕದ ಡ್ರೋನ್‌ಗಳಿಗೆ ಜಾಗ ಕೊಟ್ಟ ನೈಜರ್ ನೆರೆಯ ಮಾಲಿಗಿಂತ ಭದ್ರವೆಂದು ಬಿಂಬಿತವಾಯಿತು. ಹೊಸ ಅಧ್ಯಕ್ಷ ಮೊಹಮದ್ ಬಜೂಮ್ 2021ರ ಏಪ್ರಿಲ್‌ನಲ್ಲಿ ಹಿಂದಿನ ಚುನಾಯಿತ ಅಧ್ಯಕ್ಷರಿಂದ ಅಧಿಕಾರ ಪಡೆದದ್ದು ನಿಜಕ್ಕೂ ದೊಡ್ಡ ಸಂಗತಿ. ಆದರೆ ಪ್ರಮಾಣವಚನಕ್ಕೆ ಎರಡೇ ದಿನ ಮುಂಚೆ ಅಧ್ಯಕ್ಷರ ಅರಮನೆಯ ಬಳಿ ಗುಂಡು ಹಾರಿತ್ತು. ಆ ಎಚ್ಚರಿಕೆಗೆ ಕಿವಿಗೊಟ್ಟವರು ವಿರಳ. 2023ರ ಜುಲೈ 26ರಂದು ಸೇನೆ ಬಜೂಮ್ ಅವರನ್ನು ಇಳಿಸಿದಾಗ ಜಗತ್ತು ಬೆಚ್ಚಿಬಿತ್ತು. ಶೀರ್ಷಿಕೆಗಳಿಗೆ ಯುರೇನಿಯಂ ಬಂತು, ರಷ್ಯಾ ಬಂತು. ಮೇಲಿನ ದಾಳಿಗಳು ನಡೆದ ತಿಲ್ಲಾಬೆರಿ ಪ್ರಾಂತ್ಯದ ರೈತರು, ದನಗಾಹಿಗಳು ಮತ್ತೆ ಮೂಲೆಗೆ ಸರಿದರು.

ಅಲ್ಲಿಗೆ ಹೋಗುವುದೇ ಅಪಾಯ, ಸರ್ಕಾರವೇ ಬಾಯಿ ಮುಚ್ಚಿಸುತ್ತದೆ ಎನ್ನುವವರಿದ್ದಾರೆ. ಅದು ಸತ್ಯ. ಸೇನಾಡಳಿತ 2023ರಲ್ಲಿ ಫ್ರಾನ್ಸ್ 24 ಮತ್ತು ಆರ್‌ಎಫ್‌ಐ ಪ್ರಸಾರ ನಿಲ್ಲಿಸಿತು, 2024ರ ಡಿಸೆಂಬರ್‌ನಲ್ಲಿ ಬಿಬಿಸಿಯನ್ನು ಮೂರು ತಿಂಗಳು ತಡೆಯಿತು. ಈ ನಿರ್ಬಂಧ ಖಂಡನೀಯ. ಆದರೆ ಬಾಗಿಲು ತೆರೆದಿದ್ದಾಗಲೂ ದೃಷ್ಟಿ ಹೀಗೆಯೇ ಇತ್ತು. ನಾವೂ ಹೊರತಲ್ಲ: 2025ರ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ಐವರು ಕಾರ್ಮಿಕರ ಅಪಹರಣವಾದಾಗಲೇ ನಮ್ಮಲ್ಲಿ ಅನೇಕರಿಗೆ ನೈಜರ್ ಕಂಡದ್ದು. ಅದೇ ದಾಳಿಯಲ್ಲಿ ನೈಜರ್ ಸೈನಿಕರೂ ಸತ್ತರು. ಓದುಗರೇ, ಮುಂದೆ ಇಂಥ ಸುದ್ದಿ ಬಂದಾಗ ಆ ನೆಲದವರಿಗೆ ಏನಾಯಿತೆಂದೂ ಕೇಳಿ.